ಎಆರ್ ಆಟದಿಂದ ಮಕ್ಕಳು ಕಲಿಯುತ್ತಾರಾ? ಒಂದು ಕೆರೆ, ಹತ್ತು ಹಳೆ ಫೋನ್ ಸಾಕು

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹೋದ ತಿಂಗಳು ಒಂದು ಕಂಪನಿಯವರು ಬಂದು ಮೊಬೈಲ್‌ನಲ್ಲಿ ಆಗ್ಮೆಂಟೆಡ್ ರಿಯಾಲಿಟಿ (ಎಆರ್, ಅಂದರೆ ನಿಜವಾದ ಜಾಗದ ಮೇಲೆ ಕಾಲ್ಪನಿಕ ಪದರ ಸೇರಿಸಿ ತೋರಿಸುವುದು) ಆ್ಯಪ್ ತೋರಿಸಿದರು. ಮೇಜಿನ ಮೇಲೆ ಹೃದಯ ಬಡಿಯುತ್ತಿತ್ತು, ಅಂಗಳದಲ್ಲಿ ಡೈನೋಸಾರ್ ಓಡಾಡುತ್ತಿತ್ತು. ಮಕ್ಕಳು ಕುಣಿದಾಡಿಬಿಟ್ಟರು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಕೊಂಡುಕೊಳ್ಳೋಣ ಅನ್ನುತ್ತಿದ್ದಾರೆ. ಇಂಥ ಎಆರ್ ಆಟಗಳಿಂದ ನಿಜವಾಗಿ ಕಲಿಕೆ ಆಗುತ್ತದಾ, ಇಲ್ಲಾ ಸುಮ್ನೆ ಮೋಜಾ? ನನ್ನ ಎಂಟನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಹೆಚ್ಚೆಂದರೆ ಹತ್ತು ಫೋನ್ ಹೊಂದಿಸಬಹುದು, ಅದೂ ಹಳೆಯವು. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಕಲಿಕೆ ಖಂಡಿತ ಆಗುತ್ತದೆ. ಆದರೆ ನಿಮ್ಮ ಶಾಲೆಯಲ್ಲಿ ತೋರಿಸಿದ ಬಗೆಯ ಆ್ಯಪ್‌ನಿಂದ ಆಗುವುದು ಕಡಿಮೆ. ಮೇಜಿನ ಮೇಲೆ ತಿರುಗುವ ಹೃದಯ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಪುಸ್ತಕದ ಚಪ್ಪಟೆ ಚಿತ್ರದಲ್ಲಿ ಅರ್ಥವಾಗದ ಕವಾಟ ಅದರಲ್ಲಿ ಅರ್ಥವಾಗಬಹುದು. ಆದರೆ ಅದನ್ನು ಆಟ ಅನ್ನುವುದು ಕಷ್ಟ. ಅದೊಂದು ಪ್ರದರ್ಶನ. ಮಗು ನೋಡುತ್ತದೆ, ಬೆರಗಾಗುತ್ತದೆ, ಪಕ್ಕದ ಮಗುವಿಗೆ ಫೋನ್ ದಾಟಿಸುತ್ತದೆ. ಆ ಹೃದಯ ನಿಮ್ಮ ಮೇಜಿನ ಮೇಲೆ ಬಡಿದರೂ ಒಂದೇ, ದೆಹಲಿಯ ಮೇಜಿನ ಮೇಲೆ ಬಡಿದರೂ ಒಂದೇ. ಮೇಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ಎಆರ್ ಆಟದಲ್ಲಿ ಮಕ್ಕಳಿಗೆ ಕಲಿಸುವುದು ಎರಡು: ಅವರು ನಿಂತಿರುವ ಜಾಗ, ಮತ್ತು ಜೊತೆಗಿರುವ ಗೆಳೆಯರ ಜೊತೆಗಿನ ವಾದ. ಮಕ್ಕಳನ್ನು ಸರಿಯಾದ ಜಾಗಕ್ಕೆ ಕರೆತರುವುದು, ಅಲ್ಲಿ ಒಂದು ತುಣುಕು ವಿಷಯ ಕೊಡುವುದು, ಆಮೇಲೆ ಜೇಬಿಗೆ ಹೋಗುವುದು. ಫೋನಿಗೆ ಇಷ್ಟೇ ಕೆಲಸ. ಇಂಥ ಆಟಗಳನ್ನು ಮಾಡಿ, ಮಕ್ಕಳ ಕೈಲಿ ಆಡಿಸಿ ನೋಡಿದವರು ಇಪ್ಪತ್ತು ವರ್ಷಗಳಿಂದ ಇದ್ದಾರೆ. ಅವರ ಕೆಲಸ ನೋಡಿದರೆ ಈ ಮಾತು ಗಟ್ಟಿಯಾಗುತ್ತದೆ.

ನನಗೆ ಬಹಳ ಇಷ್ಟದ ಉದಾಹರಣೆ ‘ಎನ್ವಿರಾನ್ಮೆಂಟಲ್ ಡಿಟೆಕ್ಟಿವ್ಸ್’. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎರಿಕ್ ಕ್ಲಾಪ್ಫರ್ ಮತ್ತು ಕರ್ಟ್ ಸ್ಕ್ವೈರ್ ಇದನ್ನು ರೂಪಿಸಿದರು. ಆಗ ಇಂದಿನಂಥ ಸ್ಮಾರ್ಟ್‌ಫೋನ್ ಇರಲಿಲ್ಲ. ಅಂಗೈ ಅಗಲದ ಪಾಕೆಟ್ ಪಿಸಿಗೆ ಜಿಪಿಎಸ್ ಸಿಕ್ಕಿಸಿಕೊಂಡು ವಿದ್ಯಾರ್ಥಿಗಳು ನಿಜವಾದ ಕ್ಯಾಂಪಸ್‌ನಲ್ಲಿ ನಡೆದಾಡಬೇಕಿತ್ತು. ಕಥೆ ಹೀಗೆ: ಅಲ್ಲಿನ ಅಂತರ್ಜಲಕ್ಕೆ ಟಿಸಿಇ ಎಂಬ ರಾಸಾಯನಿಕ ಸೇರಿಬಿಟ್ಟಿದೆ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ದ್ರಾವಕ ಅದು. ಎಲ್ಲಿಂದ ಸೋರಿತು, ಎಷ್ಟು ದೂರ ಹರಡಿದೆ, ಈಗ ಏನು ಮಾಡಬೇಕು? ಆಡುವವರೇ ಪರಿಸರ ಇಂಜಿನಿಯರ್‌ಗಳು.

ಅವರು ಯಾವ ಜಾಗದಲ್ಲಿ ನಿಂತು ಬಾವಿ ತೋಡುವ ಗುಂಡಿ ಒತ್ತುತ್ತಾರೋ ಆ ಜಾಗದ ನೀರಿನ ಅಳತೆ ಮಾತ್ರ ಸಿಗುತ್ತದೆ. ಅದೂ ತಕ್ಷಣ ಸಿಗುವುದಿಲ್ಲ, ಕಾಯಬೇಕು. ಬೇರೆ ಬೇರೆ ಕಟ್ಟಡಗಳ ಹತ್ತಿರ ಹೋದರೆ ಕಥೆಯ ಪಾತ್ರಗಳು ಸಿಗುತ್ತವೆ. ಒಬ್ಬರಿಗೆ ರಾಸಾಯನಿಕದ ಬಗ್ಗೆ ಗೊತ್ತು, ಇನ್ನೊಬ್ಬರಿಗೆ ಮಣ್ಣಿನ ಬಗ್ಗೆ ಗೊತ್ತು. ಸಮಯಕ್ಕೆ ಮಿತಿ ಇದೆ. ಅಳತೆ ತೆಗೆಯುತ್ತಾ ಕೂತರೆ ಜನರನ್ನು ಮಾತಾಡಿಸಲು ಆಗುವುದಿಲ್ಲ. ಮಾತಾಡಿಸುತ್ತಾ ಹೋದರೆ ಅಳತೆ ಸಾಲದು. ಪಕ್ಕದಲ್ಲೇ ಚಾರ್ಲ್ಸ್ ನದಿ ಹರಿಯುತ್ತದೆ. ನೆಲದಡಿಯ ನೀರು ಯಾವ ಕಡೆ ಸಾಗುತ್ತಿರಬಹುದು ಅನ್ನುವುದನ್ನು ಯೋಚಿಸದೆ ಉತ್ತರ ಸಿಗುವುದಿಲ್ಲ.

ಇದರಲ್ಲಿ ಕ್ಯಾಮೆರಾದ ಮೂಲಕ ಕಾಣುವ ಗೊಂಬೆ, ಡೈನೋಸಾರ್ ಏನೂ ಇರಲಿಲ್ಲ. ಒಂದು ನಕ್ಷೆ, ಒಂದಿಷ್ಟು ಬರಹ, ಸಂಖ್ಯೆಗಳು, ಅಷ್ಟೇ. ಆದರೂ ಇದು ಎಆರ್ ಆಟ. ಯಾಕೆಂದರೆ ನಿಜವಾದ ನೆಲದ ಮೇಲೆ ಒಂದು ಕಾಲ್ಪನಿಕ ಸಮಸ್ಯೆಯ ಪದರ ಹಾಸಿದ್ದರು. ಆಟ ಆಡುವವರು ಆ ನೆಲವನ್ನು ನೋಡಲೇಬೇಕಿತ್ತು. ನಿಮ್ಮ ಹಳೆ ಫೋನ್‌ಗಳ ಬಗ್ಗೆ ಚಿಂತೆ ಬೇಡ ಅಂತ ನಾನು ಹೇಳುವುದು ಈ ಕಾರಣಕ್ಕೇ. ಅವು ಆ ಪಾಕೆಟ್ ಪಿಸಿಗಿಂತ ಎಷ್ಟೋ ಪಾಲು ಶಕ್ತಿಶಾಲಿ.

ಎರಡನೆಯದು ‘ಏಲಿಯನ್ ಕಾಂಟ್ಯಾಕ್ಟ್’. ಹಾರ್ವರ್ಡ್, ಎಂಐಟಿ ಮತ್ತು ವಿಸ್ಕಾನ್ಸಿನ್‌ನವರು ಸೇರಿ ಶಾಲಾಮಕ್ಕಳಿಗಾಗಿ ಮಾಡಿದ್ದು. ಅನ್ಯಗ್ರಹದವರು ಭೂಮಿಗೆ ಬಂದಿದ್ದಾರೆ, ಯಾಕೆ ಬಂದರು ಪತ್ತೆ ಮಾಡಿ ಅನ್ನುವ ಕಥೆ. ಕಲಿಸುವುದು ಗಣಿತ ಮತ್ತು ಭಾಷೆ. ತಂಡದಲ್ಲಿ ನಾಲ್ಕು ಪಾತ್ರ: ರಸಾಯನಶಾಸ್ತ್ರಜ್ಞ, ಗುಪ್ತಲಿಪಿ ಬಿಡಿಸುವವರು, ಕಂಪ್ಯೂಟರ್ ಹ್ಯಾಕರ್, ಎಫ್‌ಬಿಐ ಅಧಿಕಾರಿ. ಇಲ್ಲಿನ ಜಾಣತನ ನೋಡಿ. ನಾಲ್ವರೂ ಒಂದೇ ಜಾಗದಲ್ಲಿ ನಿಂತರೂ ನಾಲ್ವರ ಪರದೆಯಲ್ಲೂ ಬೇರೆ ಬೇರೆ ಮಾಹಿತಿ ಬರುತ್ತದೆ. ಬಿದ್ದ ನೌಕೆಯ ಒಂದು ಚೂರು ಸಿಕ್ಕಿತು ಅನ್ನಿ, ಅದರ ಒಂದೊಂದು ಅಳತೆ ಒಬ್ಬೊಬ್ಬರಿಗೆ ಗೊತ್ತಾಗುತ್ತದೆ. ಬಾಯಿ ಬಿಟ್ಟು ಹೇಳಿಕೊಳ್ಳದಿದ್ದರೆ ಲೆಕ್ಕ ಬಿಡಿಸಲು ಯಾರಿಗೂ ಸಾಧ್ಯವಿಲ್ಲ. ತರಗತಿಯಲ್ಲಿ ಮಾತೇ ಆಡದ ಮಗು ಇಲ್ಲಿ ಮಾತಾಡದಿದ್ದರೆ ತಂಡದ ಕೆಲಸ ನಿಲ್ಲುತ್ತದೆ. ‘ನಿನ್ನ ಹತ್ರ ಏನಿದೆ ಹೇಳೋ’ ಅಂತ ಉಳಿದವರು ಕೇಳಿಯೇ ಕೇಳುತ್ತಾರೆ.

ಆ ತಂಡದವರು 2009ರಲ್ಲಿ ತಮ್ಮ ಅನುಭವ ಬರೆದಾಗ ತೊಂದರೆಗಳನ್ನೂ ಮುಚ್ಚಿಡಲಿಲ್ಲ. ಮಕ್ಕಳ ಉತ್ಸಾಹ ಜಾಸ್ತಿ ಇತ್ತು. ಆದರೆ ಒಂದೇ ಸಲಕ್ಕೆ ತುಂಬಾ ವಿಷಯ ಕೊಟ್ಟಾಗ ಮಕ್ಕಳು ತಬ್ಬಿಬ್ಬಾದರು. ಜಿಪಿಎಸ್ ಕೈಕೊಟ್ಟಿತು. ಕೆಲವರು ಇದನ್ನು ಓಟದ ಪಂದ್ಯ ಅಂದುಕೊಂಡು ಓದದೆ ಮುಂದಕ್ಕೆ ಓಡಿದರು. ಒಬ್ಬರೇ ಶಿಕ್ಷಕರಿಂದ ಇಷ್ಟನ್ನೆಲ್ಲ ನಿಭಾಯಿಸುವುದು ಕಷ್ಟ ಎಂದೂ ಗೊತ್ತಾಯಿತು. ಈ ನಾಲ್ಕೂ ತೊಂದರೆ ನಿಮಗೂ ಬರುತ್ತವೆ, ಹಾಗಾಗಿ ಮೊದಲೇ ಹೇಳಿದೆ.

ಕಲಿಕೆಗೆ ಪುರಾವೆ ಎಲ್ಲಿ ಅಂತ ಎಸ್‌ಡಿಎಂಸಿಯವರು ಕೇಳಬಹುದು. ನೆದರ್ಲೆಂಡ್ಸ್‌ನಿಂದ ಒಂದು ಒಳ್ಳೆಯ ಪುರಾವೆ ಇದೆ. ಆಮ್‌ಸ್ಟರ್ಡಾಮ್‌ನ ವಾಗ್ ಸಂಸ್ಥೆ 2005ರಲ್ಲಿ ‘ಫ್ರೀಕ್ವೆನ್ಸಿ 1550’ ಎಂಬ ಆಟ ಮಾಡಿತು. ಮಕ್ಕಳು ಜಿಪಿಎಸ್ ಮತ್ತು ಫೋನ್ ಹಿಡಿದು ಮಧ್ಯಯುಗದ ಆಮ್‌ಸ್ಟರ್ಡಾಮ್‌ನವರಂತೆ ಇಂದಿನ ಬೀದಿಗಳಲ್ಲಿ ತಿರುಗಬೇಕು. ತಂಡದ ಅರ್ಧ ಜನ ಬೀದಿಯಲ್ಲಿ, ಇನ್ನರ್ಧ ಜನ ಕಂಪ್ಯೂಟರ್ ಮುಂದೆ ಕೂತು ಅವರಿಗೆ ದಾರಿ ಹೇಳಬೇಕು. ಐದು ಶಾಲೆಗಳ 20 ತರಗತಿಗಳ 458 ಮಕ್ಕಳನ್ನು ಇಟ್ಟುಕೊಂಡು ಪರೀಕ್ಷಿಸಿದರು. ಅರ್ಧ ತರಗತಿಗಳು ಆಟ ಆಡಿದವು, ಉಳಿದವು ಅದೇ ವಿಷಯವನ್ನು ಎಂದಿನ ಪಾಠದಲ್ಲಿ ಕಲಿತವು. ಆಡಿದ ಮಕ್ಕಳಿಗೆ ಮಧ್ಯಯುಗದ ಊರಿನ ಬಗ್ಗೆ ಹೆಚ್ಚು ಗೊತ್ತಾಗಿತ್ತು. ಆದರೆ ಇತಿಹಾಸ ಎಂಬ ವಿಷಯದ ಮೇಲಿನ ಆಸಕ್ತಿಯಲ್ಲಿ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ‘ಆಟ ಆಡಿಸಿದರೆ ಮಕ್ಕಳಿಗೆ ವಿಷಯದ ಮೇಲೆ ಪ್ರೀತಿ ಹುಟ್ಟುತ್ತದೆ’ ಅಂತ ಮಾರುವವರು ಹೇಳಿದರೆ ಈ ಫಲಿತಾಂಶವನ್ನು ನೆನಪಿಸಿ. ಕಲಿಕೆ ಹೆಚ್ಚಬಹುದು. ಒಂದು ದಿನದ ಆಟದಿಂದ ಪ್ರೀತಿ ಹುಟ್ಟುತ್ತದೆ ಅನ್ನುವಂತಿಲ್ಲ.

ಉತ್ಸಾಹ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಊರು ಸುತ್ತಿ ಫೋನಿನಲ್ಲಿ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಪೋಕೆಮಾನ್ ಗೋ ಆಟ ನಿಮಗೂ ನೆನಪಿರಬೇಕು. 2016ರ ಜುಲೈನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಶುರುವಾಗಿ, ಡಿಸೆಂಬರ್‌ನಲ್ಲಿ ಜಿಯೋ ಜೊತೆಗೂಡಿ ಭಾರತಕ್ಕೂ ಬಂತು. ಆ ವರ್ಷವೇ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆಟ ಹಾಕಿಕೊಂಡ ಮೊದಲ ವಾರ ಯುವಕರು ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು ನಡೆದರು. ಆರನೇ ವಾರದ ಹೊತ್ತಿಗೆ ಆ ಸರಾಸರಿ ಮೊದಲಿನ ಮಟ್ಟಕ್ಕೆ ಮರಳಿತ್ತು. ಹೊಸತರ ಹುಮ್ಮಸ್ಸು ಅಷ್ಟು ಬೇಗ ಇಳಿಯುತ್ತದೆ. ಕಂಪನಿಯವರು ಡೆಮೋ ಕೊಟ್ಟ ದಿನ ಮಕ್ಕಳು ಕುಣಿದದ್ದನ್ನು ನೋಡಿ ಒಂದು ವರ್ಷದ ದುಡ್ಡು ಕಟ್ಟುವುದು ಬೇಡ.

ಪೋಕೆಮಾನ್ ಗೋದಿಂದ ಇನ್ನೊಂದು ವಿಷಯ ಕಲಿಯಬಹುದು. ಅದರಲ್ಲಿ ಪೋಕೆಸ್ಟಾಪ್ ಅನ್ನುವ ನಿಲ್ದಾಣಗಳಿವೆ. ಅವುಗಳಲ್ಲಿ ಎಷ್ಟೋ ಗುಡಿ, ಪ್ರತಿಮೆ, ಹಳೆಯ ಕಟ್ಟಡಗಳು. ಅದೇ ಕಂಪನಿ ಮೊದಲು ಮಾಡಿದ್ದ ಇಂಗ್ರೆಸ್ ಎಂಬ ಆಟದಲ್ಲಿ ಆಟಗಾರರು ಸೂಚಿಸಿದ ಜಾಗಗಳು ಇಲ್ಲಿಗೂ ಬಂದವು. ಅಂದರೆ ಆಟಗಾರ ತನ್ನ ಊರಿನ ಒಳ್ಳೆಯ ಜಾಗಗಳನ್ನೇ ಸುತ್ತುತ್ತಾನೆ. ಆದರೆ ಅಲ್ಲಿ ನಿಂತು ಏನು ಮಾಡುತ್ತಾನೆ? ಪರದೆಯ ಮೇಲಿನ ಬಿಲ್ಲೆಯನ್ನು ಬೆರಳಿಂದ ತಿರುಗಿಸುತ್ತಾನೆ, ಸಿಕ್ಕಿದ್ದನ್ನು ತಗೊಂಡು ಮುಂದೆ ಹೋಗುತ್ತಾನೆ. ಗುಡಿಯ ಕಡೆ ತಲೆ ಎತ್ತುವ ಅಗತ್ಯವೇ ಬರುವುದಿಲ್ಲ. ಅದು ಪಾಠಕ್ಕೆಂದು ಮಾಡಿದ ಆಟ ಅಲ್ಲ, ಹಾಗಾಗಿ ತಪ್ಪು ಹೊರಿಸುತ್ತಿಲ್ಲ. ನಿಮ್ಮ ಆಟದಲ್ಲಿ ಮಾತ್ರ ಹೀಗಾಗಬಾರದು. ಪ್ರತಿ ನಿಲ್ದಾಣದಲ್ಲೂ ಒಂದು ಪ್ರಶ್ನೆ ಇರಲಿ, ಅದರ ಉತ್ತರ ಫೋನಿನಲ್ಲಿ ಎಲ್ಲೂ ಇರಬಾರದು, ಎದುರಿಗಿರುವ ವಸ್ತುವಿನಲ್ಲಿ ಮಾತ್ರ ಇರಬೇಕು. ಆಟ ಬರೆಯುವಾಗ ನಾನು ಪಾಲಿಸುವ ನಿಯಮ ಇದೊಂದೇ. ಮನೆಯಲ್ಲಿ ಕೂತು ಉತ್ತರಿಸಲು ಆಗುವ ಪ್ರಶ್ನೆಯನ್ನು ತೆಗೆದುಹಾಕಿ.

ಈಗ ನಿಮ್ಮ ಊರಿಗೆ ಬರೋಣ. ತುಮಕೂರು ಜಿಲ್ಲೆಯಲ್ಲಿದ್ದೀರಿ, ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೆರೆ ಇದ್ದೇ ಇರುತ್ತದೆ. ಹಾರ್ವರ್ಡ್‌ನವರು ‘ಇಕೋಮೊಬೈಲ್’ ಎಂಬ ಯೋಜನೆಯಲ್ಲಿ ಆರನೇ ತರಗತಿಯ ಮಕ್ಕಳನ್ನು ಹೀಗೇ ಒಂದು ಕೊಳದ ಹತ್ತಿರ ಕರೆದುಕೊಂಡು ಹೋಗಿದ್ದರು. ಫೋನ್ ದಾರಿ ತೋರಿಸುತ್ತಿತ್ತು, ಕೈಯಲ್ಲಿದ್ದ ಉಪಕರಣಗಳಿಂದ ನೀರಿನಲ್ಲಿ ಕರಗಿದ ಆಮ್ಲಜನಕ, ಕದಡು ಇಂಥವನ್ನು ಮಕ್ಕಳೇ ಅಳೆದರು. ನಮ್ಮ ಬಳಿ ಆ ಉಪಕರಣ ಇಲ್ಲ. ಆದರೆ ನಮ್ಮ ಕೆರೆಯಲ್ಲಿ ಬರಿಗಣ್ಣಿಗೆ ಕಾಣುವ ಸುಳಿವುಗಳೇ ಬೇಕಾದಷ್ಟಿವೆ.

ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ‘ಈ ಕೆರೆ ಮೊದಲು ಕೋಡಿ ಬೀಳುತ್ತಿತ್ತು, ಈಗ ಯಾಕೆ ಬೀಳುತ್ತಿಲ್ಲ?’ ನಿಮ್ಮ ಕೆರೆ ಈಗಲೂ ಪ್ರತಿ ವರ್ಷ ಕೋಡಿ ಬೀಳುತ್ತಿದ್ದರೆ ಸಂತೋಷ, ಪ್ರಶ್ನೆ ಬದಲಿಸಿ. ನಾಲ್ಕು ಪಾತ್ರ ಸಾಕು: ನೀರುಗಂಟಿ (ಗದ್ದೆಗಳಿಗೆ ನೀರು ಬಿಡುವವರು), ಅಚ್ಚುಕಟ್ಟಿನ ರೈತ, ಮೀನು ಹಿಡಿಯುವವರು, ಪಂಚಾಯಿತಿಯ ಇಂಜಿನಿಯರ್. ನಾಲ್ಕು ನಿಲ್ದಾಣ: ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿ), ಕೋಡಿ, ಕೆರೆಗೆ ನೀರು ತರುವ ಹಳ್ಳ, ಏರಿಯ ಕೆಳಗಿನ ಗದ್ದೆ. ನಾಲ್ಕಕ್ಕಿಂತ ಜಾಸ್ತಿ ಬೇಡ. ಮಕ್ಕಳು ತಬ್ಬಿಬ್ಬಾಗುವುದು ಇಲ್ಲೇ.

40 ಮಕ್ಕಳು, 10 ಫೋನ್. ಅಂದರೆ ನಾಲ್ವರಿಗೆ ಒಂದು. ಇದು ಕೊರತೆ ಅಂತ ಅಂದುಕೊಳ್ಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಫೋನ್ ಕೊಟ್ಟರೆ 40 ಮಕ್ಕಳೂ ತಲೆ ತಗ್ಗಿಸಿಕೊಂಡು ನಡೆಯುತ್ತಾರೆ. ಒಂದೊಂದು ನಿಲ್ದಾಣದಲ್ಲಿ ಫೋನ್ ಒಬ್ಬೊಬ್ಬರ ಕೈಗೆ ಹೋಗಲಿ. ತೂಬಿನ ಹತ್ತಿರ ನೀರುಗಂಟಿಯ ಪಾತ್ರದವರು ಮಾತ್ರ ಓದಬೇಕು, ಉಳಿದ ಮೂವರು ಪರದೆ ನೋಡುವಂತಿಲ್ಲ. ಓದಿದವರು ಫೋನ್ ಕೆಳಗಿಳಿಸಿ, ತಮ್ಮ ಮಾತಿನಲ್ಲಿ ಉಳಿದವರಿಗೆ ಹೇಳಬೇಕು. ಗಟ್ಟಿಯಾಗಿ ಓದಿ ಹೇಳಲು ಬಿಡಬೇಡಿ. ಸ್ವಂತ ಮಾತಿನಲ್ಲಿ ಹೇಳಬೇಕಾದರೆ ಮೊದಲು ತನಗೆ ಅರ್ಥವಾಗಬೇಕು, ಅಲ್ವಾ?

ಪರದೆಯ ಮೇಲೆ ಬರುವ ಬರಹ ಹೇಗಿರಬೇಕು ಅನ್ನುವುದಕ್ಕೆ ತೂಬಿನ ಹತ್ತಿರದ್ದನ್ನು ಇಲ್ಲಿ ಬರೆದು ತೋರಿಸುತ್ತೇನೆ:

‘ನಾನು ಈ ಕೆರೆಯ ನೀರುಗಂಟಿ. ನಮ್ಮಪ್ಪನೂ ಇದೇ ಕೆಲಸ ಮಾಡ್ತಿದ್ದ. ಆಗ ನೀರು ತೂಬಿನ ಮೇಲಿನ ಅಡ್ಡಗಲ್ಲಿನ ತನಕ ಬರ್ತಿತ್ತು. ಈಗ ಎಲ್ಲಿ ನಿಂತಿದೆ ನೋಡ್ರಪ್ಪಾ. ಕಲ್ಲಿನ ಮೇಲೆ ನೀರು ನಿಂತ ಗುರುತು ಎಷ್ಟಿವೆ? ಎಲ್ಲಕ್ಕಿಂತ ದಪ್ಪ ಗುರುತು ಯಾವ ಎತ್ತರದಲ್ಲಿದೆ?’

ಇಷ್ಟೇ. ಮಕ್ಕಳು ತಲೆ ಎತ್ತುತ್ತಾರೆ. ಹಳೆಯ ಕೆರೆಗಳ ತೂಬು ಅಂದರೆ ನೀರಿನ ಬದಿಯಲ್ಲಿ ನಿಂತ ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಗಲ್ಲುಗಳು. ಆ ಕಂಬದ ಮೇಲೆ ನೀರಿನ ಮಟ್ಟದ ಬಿಳಿ ಗೆರೆಗಳು ಸಾಲಾಗಿ ಉಳಿದಿರುತ್ತವೆ. ಏರಿಯ ಮೇಲೆ ನಿಂತೇ ಅವನ್ನು ಎಣಿಸಬಹುದು. ದಪ್ಪ ಗೆರೆ ಅಂದರೆ ನೀರು ಅಲ್ಲಿ ತುಂಬಾ ದಿನ ನಿಂತಿತ್ತು ಅಂತ ಒಬ್ಬ ಹುಡುಗಿ ಹೇಳುತ್ತಾಳೆ. ಇಲ್ಲ, ಅದು ಪಾಚಿ ಅಂತ ಇನ್ನೊಬ್ಬ ವಾದಿಸುತ್ತಾನೆ. ಆ ವಾದ ನಡೆಯಲಿ. ನೀವು ನಡುವೆ ಬಾಯಿ ಹಾಕಬೇಡಿ.

ಮೀನು ಹಿಡಿಯುವವರ ಬರಹದಲ್ಲಿ ಹೂಳಿನ ಮಾತು ಬರಲಿ. ಹಳ್ಳದ ಹತ್ತಿರ ಒತ್ತುವರಿಯ ಸುಳಿವು ಸಿಗಲಿ, ಅದೂ ಬಾಯಿಬಿಟ್ಟು ಹೇಳದೆ: ‘ದಡದಲ್ಲೇ ನಿಂತು ಅಂದಾಜು ಮಾಡಿ, ಹಳ್ಳ ಇಲ್ಲಿ ಎಷ್ಟು ಹೆಜ್ಜೆ ಅಗಲ ಇದೆ? ಐವತ್ತು ಹೆಜ್ಜೆ ಮೇಲಕ್ಕೆ ಹೋಗಿ ಮತ್ತೆ ಅಂದಾಜು ಮಾಡಿ’ ಅಂದರೆ ಸಾಕು. ರೈತನ ಬಾಯಲ್ಲಿ ಒಂದು ಅರ್ಧಸತ್ಯ ಇಡಿ: ‘ಏನ್ ಮಾಡೋದು, ಮಳೆನೇ ಕಡಿಮೆ ಆಗೋಯ್ತು.’ ಎಲ್ಲರೂ ಇದನ್ನೇ ಹೇಳುತ್ತಾರೆ, ಮಕ್ಕಳು ತಕ್ಷಣ ಒಪ್ಪಿಕೊಳ್ಳುತ್ತಾರೆ. ಶಾಲೆಗೆ ಬಂದ ಮೇಲೆ ಮಳೆಯ ಅಂಕಿ ತೆಗೆದು ನೋಡಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದ್ದಾರೆ. ಮಳೆ ನಿಜವಾಗಿ ಕಡಿಮೆಯಾಗಿದೆಯಾ, ಇಲ್ಲಾ ಬಿದ್ದ ಮಳೆ ಕೆರೆಗೆ ಬರುತ್ತಿಲ್ಲವಾ? ಆಟದ ಕೇಂದ್ರವೇ ಈ ಪ್ರಶ್ನೆ. ಇದಕ್ಕೆ ಒಂದೇ ಸರಿ ಉತ್ತರ ಇರುವುದಿಲ್ಲ. ಹೂಳು, ಒತ್ತುವರಿ, ಮೇಲಿನ ಕೊಳವೆಬಾವಿಗಳು, ಮಳೆಯ ರೀತಿ, ಎಲ್ಲದರ ಪಾಲೂ ಇರಬಹುದು. ಯಾವುದರ ಪಾಲು ಜಾಸ್ತಿ ಅಂತ ತಂಡ ತಾನು ಕಂಡದ್ದನ್ನು ಮುಂದಿಟ್ಟು ವಾದಿಸಬೇಕು.

ಪಾತ್ರಗಳ ಮಾತನ್ನು ನೀವೇ ಕಲ್ಪಿಸಿ ಬರೆಯುವ ಮುಂಚೆ ಊರಿನ ಹಿರಿಯರನ್ನು ಮಾತಾಡಿಸಿ. ಒಪ್ಪಿದರೆ ಅವರ ದನಿಯನ್ನೇ ರೆಕಾರ್ಡ್ ಮಾಡಿ ಆಟದಲ್ಲಿ ಇಡಿ. ಓದಲು ಕಷ್ಟಪಡುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಕೆರೆಯಲ್ಲಿ ಯಾರ ಜಮೀನು ಎಷ್ಟು ಸೇರಿದೆ ಎಂಬ ಮಾತು ಬಂದರೆ ಆಟದೊಳಗೆ ಯಾರ ಹೆಸರೂ ಬರದಂತೆ ನೋಡಿಕೊಳ್ಳಿ. ಊರಿನ ಜಗಳಕ್ಕೆ ಮಕ್ಕಳನ್ನು ಸಿಕ್ಕಿಸುವುದು ಬೇಡ.

ಇನ್ನು ತಾಂತ್ರಿಕ ವಿಷಯ. ಎರಡು ದಾರಿ ಇವೆ.

ಮೊದಲನೆಯದು ಜಿಪಿಎಸ್. ಎಂಐಟಿಯವರ ‘ಟೇಲ್‌ಬ್ಲೇಜರ್’ ಎಂಬ ಉಚಿತ ಸಾಧನ ಇದೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ಅನ್ನು ನಿಮ್ಮ ಮಕ್ಕಳು ನೋಡಿದ್ದರೆ ಇದೂ ಹಾಗೆಯೇ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಟ ಕಟ್ಟುವುದು. ನಕ್ಷೆಯ ಮೇಲೆ ನಿಲ್ದಾಣ ಇಡುತ್ತೀರಿ, ಮಗು ಆ ಜಾಗಕ್ಕೆ ಬಂದಾಗ ಪಾತ್ರ ಮಾತಾಡುತ್ತದೆ. ಶುರು ಮಾಡುವ ಮುಂಚೆ ನಿಮ್ಮ ಹತ್ತು ಫೋನ್‌ಗಳಲ್ಲೂ ಅದು ಓಡುತ್ತದಾ, ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದಾ ನೋಡಿಕೊಳ್ಳಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರದ ಕೆಳಗೆ, ಗೋಡೆ ಪಕ್ಕ ಇನ್ನೂ ಹೆಚ್ಚು. ಹಾಗಾಗಿ ಪ್ರತಿ ನಿಲ್ದಾಣದ ಸುತ್ತ 15-20 ಮೀಟರ್ ತ್ರಿಜ್ಯದ ವೃತ್ತ ಇಡಿ, ನಿಲ್ದಾಣಗಳ ನಡುವೆ ಇದರ ಎರಡರಷ್ಟಾದರೂ ದೂರ ಇರಲಿ.

ಕೆರೆಯ ಹತ್ತಿರ ಈ 5 ಮೀಟರ್ ಬಹಳ ಮುಖ್ಯ. ನಿಲ್ದಾಣವನ್ನು ನೀರಿನ ಅಂಚಿಗೆ ಇಟ್ಟರೆ ಕೆಲವು ಫೋನ್‌ಗಳಲ್ಲಿ ಅದು ನೀರಿನೊಳಗಿದ್ದಂತೆ ತೋರಿಸಬಹುದು. ಪರದೆ ನೋಡುತ್ತಾ ಮಗು ಒಂದೊಂದೇ ಹೆಜ್ಜೆ ಕೆಳಗಿಳಿಯುತ್ತದೆ. ಹಳ್ಳದ ನಿಲ್ದಾಣ ನೀರಿನಿಂದ ದೂರ, ದಡದ ಮೇಲೆ ಇರಲಿ. ಉಳಿದವು ಏರಿಯ ಮೇಲೆ ಅಥವಾ ಏರಿಯ ಆಚೆ, ಗದ್ದೆಯ ಬದಿಯಲ್ಲಿ ಇರಲಿ. ನೀರಿಗೆ ಇಳಿಯಬೇಕಾದ ಯಾವ ಕೆಲಸವನ್ನೂ ಕೊಡಬೇಡಿ. ಪ್ರತಿ ನಿಲ್ದಾಣದಲ್ಲಿ ಒಬ್ಬ ದೊಡ್ಡವರು ನಿಂತಿರಬೇಕು. ನಾಲ್ಕು ಜನ ಸಿಗದಿದ್ದರೆ ಆ ದಿನ ಆಟ ಬೇಡ. ನಡೆಯುವಾಗ ಫೋನ್ ಜೇಬಿನಲ್ಲಿ, ನಿಂತಾಗ ಮಾತ್ರ ಕೈಯಲ್ಲಿ. ಇದನ್ನು ಆಟದ ನಿಯಮವಾಗಿಯೇ ಹೇಳಿಬಿಡಿ.

ಎರಡನೆಯ ದಾರಿ ಕ್ಯೂಆರ್ ಕೋಡ್. ಮೊದಲ ಸಲಕ್ಕೆ ನಾನು ಇದನ್ನೇ ಹೇಳುತ್ತೇನೆ. ಜಿಪಿಎಸ್ ತೊಂದರೆ ಇಲ್ಲ, ಇಂಟರ್ನೆಟ್ ಬೇಡ. ಕ್ಯೂಆರ್ ಕೋಡ್ ಅಂದರೆ ವೆಬ್‌ಸೈಟ್ ವಿಳಾಸ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಬರಹವನ್ನೇ ಅದರೊಳಗೆ ತುಂಬಿಸಬಹುದು. ಸಿಗ್ನಲ್ ಇಲ್ಲದ ಜಾಗದಲ್ಲೂ ಓದಬಹುದು. ಒಂದು ವಿಷಯ ಗಮನದಲ್ಲಿರಲಿ. ಕನ್ನಡ ಬರಹ ಜಾಗ ಜಾಸ್ತಿ ತಿನ್ನುತ್ತದೆ. ‘ಕೆರೆ’ ಅನ್ನುವ ಪುಟ್ಟ ಪದಕ್ಕೇ 12 ಬೈಟ್ ಬೇಕು, ಯಾಕೆಂದರೆ ಅಕ್ಷರ, ಏತ್ವ ಎಲ್ಲಕ್ಕೂ ಮೂರು ಮೂರು ಬೈಟ್. ಕೋಡ್‌ನ ಗರಿಷ್ಠ ಮಿತಿ 2,953 ಬೈಟ್ ಆದರೂ ಅಷ್ಟು ತುಂಬಿಸಿದರೆ ಚುಕ್ಕೆಗಳು ತೀರಾ ಸಣ್ಣದಾಗಿ ಹಳೆ ಕ್ಯಾಮೆರಾಗಳು ಓದುವುದಿಲ್ಲ. ಎರಡು ಮೂರು ಚಿಕ್ಕ ವಾಕ್ಯಕ್ಕೆ ನಿಲ್ಲಿಸಿ, ಮೇಲೆ ಬರೆದ ತೂಬಿನ ಮಾತನ್ನೂ ಹಾಗೇ ಮೊಟಕು ಮಾಡಿ. ಬರಹ ಚಿಕ್ಕದಾಗಿರಬೇಕು ಅನ್ನುವುದು ಆಟಕ್ಕೂ ಒಳ್ಳೆಯದೇ. ದೊಡ್ಡದಾಗಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಕೋಲಿಗೆ ಕಟ್ಟಿ ನೆಡಿ. ಕಲ್ಲಿಗೆ, ಮರಕ್ಕೆ ಅಂಟಿಸಬೇಡಿ.

ಮೇಜಿನ ಮೇಲೆ ಹೃದಯ ತೋರಿಸುವಂಥ ಎಆರ್‌ಗೆ ಫೋನಿನಲ್ಲಿ ಗೈರೋಸ್ಕೋಪ್ (ಫೋನ್ ತಿರುಗಿದ್ದನ್ನು ಗುರುತಿಸುವ ಭಾಗ) ಬೇಕು, ಕ್ಯಾಮೆರಾ ನೆಲದ ಗುರುತುಗಳನ್ನು ಹಿಡಿದುಕೊಂಡು ಲೆಕ್ಕ ಹಾಕುತ್ತಲೇ ಇರಬೇಕು. ಅಗ್ಗದ ಹಳೆ ಫೋನ್‌ಗಳಲ್ಲಿ ಎಷ್ಟೋ ಸಲ ಇದು ನಡೆಯುವುದೇ ಇಲ್ಲ. ನಡೆದರೂ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಂಪನಿಯವರು ಮತ್ತೆ ಬಂದಾಗ ಅವರ ಟ್ಯಾಬ್‌ನಲ್ಲಿ ತೋರಿಸುವುದು ಬೇಡ ಅನ್ನಿ. ನಿಮ್ಮ ಹತ್ತು ಫೋನ್‌ಗಳಲ್ಲಿ ಹಾಕಿ ತೋರಿಸಲಿ. ಕನ್ನಡದಲ್ಲಿ ಇದೆಯಾ, ವಿಷಯವನ್ನು ನೀವು ಬದಲಿಸಬಹುದಾ, ಅವರು ಅಂಗಡಿ ಮುಚ್ಚಿದರೆ ಆ್ಯಪ್ ಉಳಿಯುತ್ತದಾ ಕೇಳಿ. ಕೊನೆಯ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ದೊಡ್ಡ ಕಂಪನಿಗಳದ್ದೇ ಉಳಿದಿಲ್ಲ. 2019ರಲ್ಲಿ ಬಂದ ಮೈನ್‌ಕ್ರಾಫ್ಟ್ ಅರ್ತ್ 2021ರ ಜೂನ್‌ನಲ್ಲಿ ಮುಚ್ಚಿತು. ಶಾಲೆಗಳಿಗೆಂದೇ ಇದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ ಕೂಡ ಅದೇ ವರ್ಷ ನಿಂತಿತು. ಅದನ್ನು ನಂಬಿ ಪಾಠ ಯೋಜಿಸಿದ್ದ ಶಿಕ್ಷಕರು ಬೇರೆ ದಾರಿ ಹುಡುಕಬೇಕಾಯಿತು.

ಏನೂ ತಯಾರಿ ಇಲ್ಲದೆ ನಾಳೆಯೇ ಶುರು ಮಾಡಬೇಕೆಂದರೆ ಐನ್ಯಾಚುರಲಿಸ್ಟ್‌ನವರ ‘ಸೀಕ್’ ಆ್ಯಪ್ ಹಾಕಿಕೊಳ್ಳಿ. ಉಚಿತ, ಖಾತೆ ತೆರೆಯಬೇಕಿಲ್ಲ. ಗಿಡದ ಮುಂದೆ ಕ್ಯಾಮೆರಾ ಹಿಡಿದರೆ ಮೊದಲು ‘ಸಸ್ಯ’ ಅನ್ನುತ್ತದೆ. ಎಲೆಯ ಹತ್ತಿರ ಹೋದಂತೆ, ಹೂವಿನ ಕಡೆ ತಿರುಗಿಸಿದಂತೆ, ಕುಟುಂಬ, ಜಾತಿ, ಪ್ರಭೇದ ಅಂತ ಒಂದೊಂದೇ ಹಂತ ಕೆಳಗಿಳಿಯುತ್ತದೆ. ವರ್ಗೀಕರಣದ ಪಾಠವೇ ಅಲ್ಲಿ ಕಣ್ಣೆದುರು ನಡೆಯುತ್ತದೆ. ಹೊಸ ಪ್ರಭೇದ ಸಿಕ್ಕಿದ ಹಾಗೆ ಬ್ಯಾಡ್ಜ್ ಬರುತ್ತದೆ. ಒಂದೇ ನಿಯಮ ಸೇರಿಸಿ: ಆ್ಯಪ್ ಹೆಸರು ಹೇಳುವ ಮುಂಚೆ ತಂಡ ತಾನು ಊಹಿಸಿದ ಹೆಸರನ್ನು, ಊರಲ್ಲಿ ಕರೆಯುವ ಹೆಸರನ್ನೇ, ಪುಸ್ತಕದಲ್ಲಿ ಬರೆದುಕೊಂಡಿರಬೇಕು. ಆ್ಯಪ್ ಕೆಲವೊಮ್ಮೆ ತಪ್ಪು ಹೇಳುತ್ತದೆ. ಹೊಂಗೆ, ಬೇವು ಗೊತ್ತಿರುವ ಹಳ್ಳಿ ಮಕ್ಕಳು ಅದನ್ನು ಹಿಡಿದಾಗ ಅವರ ಮುಖ ನೋಡಬೇಕು.

ಭಾಷಾ ಶಿಕ್ಷಕರೂ ನಿಮ್ಮ ಜೊತೆ ಸೇರಬಹುದು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ‘ಮೆಂಟಿರಾ’ ಎಂಬ ಆಟ ಮಾಡಿದ್ದರು. ಊರಿನ ಒಂದು ಹಳೆಯ ಬಡಾವಣೆಯಲ್ಲಿ ನಡೆದ ಕೊಲೆಯ ಕಥೆ. ಪಾತ್ರಗಳ ಜೊತೆ ಹೇಗೆ ಮಾತಾಡುತ್ತೀರಿ ಅನ್ನುವುದರ ಮೇಲೆ ಸುಳಿವು ಸಿಗುವುದು, ಸಿಗದಿರುವುದು. ಹೊರನಾಡಿನ ಕನ್ನಡ ಕಲಿ ತರಗತಿಗಳವರು ಇಂಥದ್ದೊಂದನ್ನು ಮಾಡಿದರೆ ಎಷ್ಟು ಚೆನ್ನ! ಅಜ್ಜಿಯ ಪಾತ್ರವನ್ನು ‘ನೀನು’ ಅಂದರೆ ಅವಳು ಬಾಗಿಲು ಹಾಕಿಕೊಳ್ಳಲಿ.

ಪಾಲಕರ ಒಪ್ಪಿಗೆ ಪತ್ರ ಮೊದಲೇ ತಗೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಮಕ್ಕಳ ಹೆಸರು, ಫೋಟೋ, ಫೋನ್ ನಂಬರ್ ಕೇಳುವ ಆ್ಯಪ್ ಬೇಡವೇ ಬೇಡ. ಶಿಕ್ಷಕರ ಮತ್ತು ಪಾಲಕರ ಫೋನ್ ಬಳಸಿ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಬಿಸಿಲೇರಿದರೆ ಪರದೆಯೇ ಕಾಣುವುದಿಲ್ಲ.

40 ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯಬೇಡಿ. ಮೊದಲು ಎರಡು ತಂಡದ ಜೊತೆ ಆಡಿ ನೋಡಿ, ಬರಹ ತಿದ್ದಿ. ಆಮೇಲೆ ಒಂದು ದಿನ ನಾಲ್ಕು ತಂಡ, ಇನ್ನೊಂದು ದಿನ ಉಳಿದ ನಾಲ್ಕು. ಒಂದೊಂದು ತಂಡ ಬೇರೆ ಬೇರೆ ನಿಲ್ದಾಣದಿಂದ ಶುರು ಮಾಡಲಿ, ಆಗ ಯಾರು ಮೊದಲು ಅನ್ನುವ ಓಟ ಇರುವುದಿಲ್ಲ. ಮೊದಲು ಮುಗಿಸಿದವರಿಗೆ ಬಹುಮಾನ ಇಡಬೇಡಿ. ಎಷ್ಟು ಹೊತ್ತು ಆಟವೋ ಅಷ್ಟೇ ಹೊತ್ತು ತರಗತಿಯಲ್ಲಿ ಚರ್ಚೆಗೆ ಇಡಿ. ಪ್ರತಿ ತಂಡ ಕೆರೆಯ ನಕ್ಷೆ ಬರೆಯಲಿ, ನೀರು ಬರುವ ದಾರಿ, ಹೋಗುವ ದಾರಿ ಬಾಣ ಹಾಕಿ ತೋರಿಸಲಿ, ಕೋಡಿ ಬೀಳದಿರಲು ತಮ್ಮ ಕಾರಣ ಬರೆಯಲಿ. ಆಟದ ಮಾರನೇ ದಿನ ಕಿರುಪರೀಕ್ಷೆ ಕೊಟ್ಟರೆ ಎಲ್ಲರೂ ಬರೆಯುತ್ತಾರೆ. ಒಂದು ತಿಂಗಳು ಬಿಟ್ಟು, ಬೇರೆ ಊರಿನ ಕೆರೆಯ ಒಂದು ನಕ್ಷೆ ಕೊಟ್ಟು ‘ಇಲ್ಲಿ ತೂಬು ಎಲ್ಲಿರಬೇಕು, ಕೋಡಿ ಎಲ್ಲಿರಬೇಕು, ಯಾಕೆ?’ ಅಂತ ಕೇಳಿ. ಕಲಿತಿದ್ದಾರಾ ಅನ್ನುವುದು ಆಗ ಗೊತ್ತಾಗುತ್ತದೆ.

ಎರಡನೆಯ ವರ್ಷ ಆಟವನ್ನು ನೀವು ಬರೆಯಬೇಡಿ. ಈ ಎಂಟನೆಯವರು ಒಂಬತ್ತಕ್ಕೆ ಹೋದಾಗ ಹೊಸ ಎಂಟನೆಯವರಿಗಾಗಿ ಅವರೇ ಬರೆಯಲಿ. ಊರಿನಲ್ಲಿ ವೀರಗಲ್ಲು ಇದ್ದರೆ ಅದನ್ನೇ ತಗೊಳ್ಳಲಿ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವರ ಮುಂದೆ ಕೂತ ವೀರ. ನಿಲ್ದಾಣ ಎಲ್ಲಿಡಬೇಕು, ಯಾವ ಸುಳಿವನ್ನು ಬಚ್ಚಿಡಬೇಕು, ಯಾರನ್ನು ಹೋಗಿ ಕೇಳಬೇಕು ಅಂತ ಅವರು ತಲೆ ಕೆಡಿಸಿಕೊಳ್ಳಲಿ. ಎಸ್‌ಡಿಎಂಸಿಯವರು ಆ್ಯಪ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಎರಡು ಪವರ್ ಬ್ಯಾಂಕ್, ಲ್ಯಾಮಿನೇಷನ್ ಖರ್ಚು, ಮಕ್ಕಳಿಗೆ ಕೆರೆ ಏರಿಯ ಮೇಲೆ ತಿಂಡಿ ಇಷ್ಟೂ ಆಗುತ್ತದೆ.